ಇಂಗ್ಲೆಂಡಿನ ತಂಗುಮನೆಗಳೂ ಪಂಕ್ತಿಭೇದವೂ

ಇಂಗ್ಲೆಂಡಿಗೆ ಹೋಗಿಬಂದ ನಮ್ಮವರು ಅಲ್ಲಿಯ ಊಟದ ವಿಷಯ ಬಂದಾಗ ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಮೊದಲನೆಯದು, ಅಲ್ಲಿ ನಮಗೆ ತಿನ್ನುವಂಥದು ಏನೂ ಇಲ್ಲ ಎಂಬುದು. ಎರಡನೆಯದು, ಲಂಡನ್ನಿನ ಇಂಥ ಬೀದಿಯಲ್ಲಿ ಒಳ್ಳೆಯ ಮಸಾಲೆ ದೋಸೆ ಸಿಗುತ್ತದೆ ಎಂಬುದು. ಈ ಎರಡು ಮಾತುಗಳ ನಡುವೆ ಇಂಗ್ಲೆಂಡಿನ ಹಳ್ಳಿಗಾಡು ಪೂರ್ತಿಯಾಗಿ ಬಿಟ್ಟುಹೋಗುತ್ತದೆ. ಇಲಾಖೆಯ ತರಬೇತಿಗೆಂದು 2012ರಲ್ಲಿ ಮೂರು ತಿಂಗಳು ಬರ್ಮಿಂಗ್‌ಹ್ಯಾಮಿನಲ್ಲಿಯೂ, ಮಗಳ ಮನೆಗೆಂದು 2023ರ ಬೇಸಿಗೆಯಲ್ಲಿ ಐದು ವಾರ ಆಕ್ಸ್‌ಫರ್ಡ್‌ಶೈರಿನಲ್ಲಿಯೂ ಇದ್ದಾಗ, ವಾರದ ಕೊನೆಗೆ ಬಸ್ಸು ಹಿಡಿದು, ಉಳಿದ ದಾರಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿ ಅನೇಕ ಹಳ್ಳಿಗಳನ್ನು ನೋಡಿದ್ದೇನೆ. ಮಧ್ಯಾಹ್ನದ ಊಟವನ್ನು ದಾರಿಯಲ್ಲಿ ಸಿಕ್ಕ ಪಬ್ಬುಗಳಲ್ಲಿ, 'ಇನ್' ಎಂದು ಫಲಕ ತೂಗುಹಾಕಿದ ಮನೆಗಳಲ್ಲಿ ಮಾಡಿದ್ದೇನೆ. ('ಇನ್' ಎಂಬ ಪದಕ್ಕೆ ವಿಭಕ್ತಿ ಹಚ್ಚಿದರೆ ಕನ್ನಡದಲ್ಲಿ ಅದು ಬೇರೆಯೇ ಅರ್ಥ ಕೊಡುವುದರಿಂದ ತಂಗುಮನೆ ಎಂದೇ ಬರೆಯುತ್ತೇನೆ.) ನಾನು ಶಾಕಾಹಾರಿ, ಮದ್ಯವನ್ನು ಮುಟ್ಟುವವನೂ ಅಲ್ಲ. ಅಂಥವನು ಪಬ್ಬುಗಳ ಮೇಲೆ ಲೇಖನ ಬರೆಯುವುದು ಈ ತ್ರೈಮಾಸಿಕದ ಹಳೆಯ ಓದುಗರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ರುಚಿಯ ವಿಚಾರ ನನಗೆ ಇಲ್ಲಿ ಗೌಣ. ಊಟದ ಮನೆಯೊಂದರಲ್ಲಿ ಯಾರನ್ನು ಒಳಗೆ ಬಿಡುತ್ತಾರೆ, ಬಿಟ್ಟ ಮೇಲೆ ಎಲ್ಲಿ ಕೂರಿಸುತ್ತಾರೆ ಎಂಬುದು ನನ್ನ ಪ್ರಶ್ನೆ. ಅದಕ್ಕೆ ನಮ್ಮಲ್ಲಿ ಪಂಕ್ತಿಭೇದ ಎಂಬ ಸ್ಪಷ್ಟವಾದ ಹೆಸರಿದೆ. ಇಂಗ್ಲಿಷರಲ್ಲಿ ಹೆಸರಿಲ್ಲದಿದ್ದರೂ ವಸ್ತು ಇದ್ದೇ ಇದೆ.

ಊಟದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಇಂಗ್ಲೆಂಡಿನ ಹಳ್ಳಿಯ ಊಟಕ್ಕೆ ಅಂಟಿದ ಅಪಕೀರ್ತಿ ಬಹುಮಟ್ಟಿಗೆ ಎರಡನೆಯ ಮಹಾಯುದ್ಧದ ಫಲ. ಅಲ್ಲಿ ಪಡಿತರ ಪೂರ್ತಿಯಾಗಿ ಕೊನೆಗೊಂಡದ್ದು 1954ರಲ್ಲಿ. ಹದಿನಾಲ್ಕು ವರ್ಷ ಬೆಣ್ಣೆ, ಮಾಂಸ, ಸಕ್ಕರೆಗಳನ್ನು ಅಳೆದು ತೂಗಿ ಬಳಸಿದ ಅಡುಗೆಮನೆಗಳು ಅಡುಗೆಯನ್ನೇ ಮರೆತಿದ್ದವು. ಆ ಅವಸ್ಥೆಯನ್ನು ಕಂಡು ರೊಚ್ಚಿಗೆದ್ದ ಪತ್ರಕರ್ತ ರೇಮಂಡ್ ಪೋಸ್ಟ್‌ಗೇಟ್ 1951ರಲ್ಲಿ 'ಗುಡ್ ಫುಡ್ ಗೈಡ್' ಪುಸ್ತಕವನ್ನು ಹೊರತಂದ. ಸಾಮಾನ್ಯ ಗಿರಾಕಿಗಳೇ ಬರೆದು ಕಳಿಸಿದ ಅಭಿಪ್ರಾಯಗಳ ಮೇಲೆ ನಿಂತ ಪುಸ್ತಕ ಅದು. ಈಗ ಹಳ್ಳಿಯ ಪಬ್ಬುಗಳಲ್ಲಿ ಒಳ್ಳೆಯ ಬ್ರೆಡ್ಡು, ಒಳ್ಳೆಯ ಗಿಣ್ಣು, ಬಿಸಿಬಿಸಿ ಸೂಪು, ಒಲೆಯಲ್ಲಿ ಸುಟ್ಟ ಬಟಾಟೆ ನಿಶ್ಚಿತವಾಗಿ ಸಿಗುತ್ತವೆ. ಶಾಕಾಹಾರದ ತಿನಿಸುಗಳ ಮುಂದೆ ಗುರುತು ಹಾಕುವ ಪದ್ಧತಿ ಸಾರ್ವತ್ರಿಕವಾಗಿದೆ. ರೈತನ ಬುತ್ತಿಯೆಂಬ ಅರ್ಥದ 'ಪ್ಲೌಮನ್ಸ್ ಲಂಚ್' ಎಂಬುದನ್ನು, ಅಂದರೆ ಬ್ರೆಡ್ಡು, ಚೆಡ್ಡರ್ ಗಿಣ್ಣು, ಈರುಳ್ಳಿಯ ಉಪ್ಪಿನಕಾಯಿಯ ತಟ್ಟೆಯನ್ನು, ಪ್ರವಾಸಿಗಳು ಮಧ್ಯಯುಗದ ಪರಂಪರೆಯೆಂದು ಭಕ್ತಿಯಿಂದ ತಿನ್ನುತ್ತಾರೆ. ಬ್ರೆಡ್ಡು, ಗಿಣ್ಣು ಹಳೆಯವೇ ಸರಿ. ಆದರೆ ಆ ಹೆಸರನ್ನು ಜನಪ್ರಿಯಗೊಳಿಸಿದ್ದು ಗಿಣ್ಣಿನ ಮಾರಾಟವನ್ನು ಹೆಚ್ಚಿಸಲು 1950ರ ದಶಕದ ಕೊನೆಯಲ್ಲಿ ಹೈನು ಉದ್ಯಮದವರು ನಡೆಸಿದ ಪ್ರಚಾರ. ಪರಂಪರೆಯನ್ನು ಕಚೇರಿಯಲ್ಲಿ ಕುಳಿತು ತಯಾರಿಸುವ ಕಲೆ ಸರಕಾರಿ ನೌಕರನಾದ ನನಗೆ ಅಪರಿಚಿತವಲ್ಲವಾದ್ದರಿಂದ ಈ ಸಂಗತಿ ತಿಳಿದಾಗ ನಗು ಬಂತು. ತಿನಿಸಿನ ಬಗ್ಗೆ ಇಷ್ಟು ಸಾಕು.

ತಂಗುಮನೆಯ ಹಿರಿಮೆ ಅದರ ಅಡುಗೆಯಲ್ಲಿ ಎಂದೂ ಇರಲಿಲ್ಲ, ಅದರ ಬಾಗಿಲಿನಲ್ಲಿತ್ತು. ಇಂಗ್ಲೆಂಡಿನಲ್ಲಿ ಹಿಂದೆ ಮೂರು ಬಗೆಯ ಮನೆಗಳಿದ್ದವು. ಏಲ್ ಹೌಸಿನಲ್ಲಿ ಊರಿನವರಿಗೆ ಬಿಯರು. ಟ್ಯಾವರ್ನಿನಲ್ಲಿ ಉಳ್ಳವರಿಗೆ ದ್ರಾಕ್ಷಾರಸ. ತಂಗುಮನೆಯಲ್ಲಿ ದಾರಿಹೋಕನಿಗೆ ಊಟ, ಹಾಸಿಗೆ, ಅವನ ಕುದುರೆಗೆ ಹುಲ್ಲು. ಈ ಮೂರರಲ್ಲಿ ತಂಗುಮನೆಯ ಮೇಲೆ ಮಾತ್ರ ಇಂಗ್ಲಿಷ್ ರೂಢಿಯ ಕಾನೂನು ಒಂದು ಭಾರವಾದ ಕರ್ತವ್ಯವನ್ನು ಹೊರಿಸಿತ್ತು. ಹಣ ಕೊಡಲು ಸಿದ್ಧನಿರುವ, ಒಳಗೆ ಬಿಡಲು ತಕ್ಕ ಸ್ಥಿತಿಯಲ್ಲಿರುವ ಯಾವ ಪ್ರಯಾಣಿಕ ಬಂದರೂ, ಸ್ಥಳವಿದ್ದಾಗ, ಅವನಿಗೆ ಊಟ ಮತ್ತು ವಸತಿ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಅದು ವ್ಯಾಜ್ಯಕ್ಕೆ ಮಾತ್ರವಲ್ಲ, ಶಿಕ್ಷೆಗೂ ಗುರಿಯಾಗುವ ಅಪರಾಧ. ವೇಲ್ಸಿನ ಗಡಿಯಲ್ಲಿರುವ ಚೆಪ್‌ಸ್ಟೋ ಊರಿನ ತಂಗುಮನೆಯೊಂದರ ಮೇಲೆ 1835ರಲ್ಲಿ ನಡೆದ ಪ್ರಕರಣ ಇದಕ್ಕೆ ಪ್ರಸಿದ್ಧ ದೃಷ್ಟಾಂತ. ಬಂದವನು ಭಾನುವಾರ ಬಂದ, ಮನೆಯವರು ಮಲಗಿದ ಮೇಲೆ ಬಂದ, ತನ್ನ ಹೆಸರು ಹೇಳಲು ಒಪ್ಪಲಿಲ್ಲ. ಈ ಯಾವ ಕಾರಣವನ್ನೂ ನ್ಯಾಯಾಲಯ ಮನ್ನಿಸಲಿಲ್ಲ. ಈ ತತ್ತ್ವವನ್ನು 1956ರ ಹೋಟೆಲ್ ಮಾಲೀಕರ ಕಾಯಿದೆ ಶಾಸನದ ಭಾಷೆಗೆ ತಂದಿತು. ಅದರ ವ್ಯಾಖ್ಯೆಯಲ್ಲಿ 'ವಿಶೇಷ ಒಪ್ಪಂದವಿಲ್ಲದೆ' ಎಂಬ ಅರ್ಥದ ಒಂದು ಮಾತಿದೆ. ಅಂದರೆ ಮುಂಗಡವಾಗಿ ಹೇಳಿಕಳಿಸದೆ ಬಾಗಿಲಿಗೆ ಬಂದು ನಿಂತವನಿಗೂ ಹಕ್ಕಿದೆ ಎಂದರ್ಥ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ನಮ್ಮ ನಂಬಿಕೆ ಬೇರೆ. ಅನ್ನ ಮಾರುವ ವಸ್ತುವಲ್ಲ ಎಂದು ನಮ್ಮ ಹಿರಿಯರು ತಿಳಿದಿದ್ದರು. ದಾರಿಹೋಕರಿಗಾಗಿ ಛತ್ರಗಳನ್ನು, ಅರವಟ್ಟಿಗೆಗಳನ್ನು ಕಟ್ಟಿಸಿದರು. ಅದು ದೊಡ್ಡ ಮಾತೇ. ಆದರೆ ಛತ್ರದ ಊಟ ಕಟ್ಟಿಸಿದವನ ಪುಣ್ಯಕ್ಕಾಗಿ ಇತ್ತು. ಉಣ್ಣುವವನಿಗೆ ಅದರ ಮೇಲೆ ಹಕ್ಕಿರಲಿಲ್ಲ. ಯಾವ ಜಾತಿಯವರು ಒಳಗೆ ಉಣ್ಣಬೇಕು, ಯಾರು ಅಂಗಳದಲ್ಲಿ, ಯಾರು ಬಾಗಿಲಿನಿಂದಲೇ ಹಿಂದಿರುಗಬೇಕು ಎಂಬುದನ್ನು ದಾನಿ ನಿರ್ಧರಿಸುತ್ತಿದ್ದ. ಇಂಗ್ಲಿಷ್ ತಂಗುಮನೆಯ ಯಜಮಾನ ದಾನಿಯಲ್ಲ, ಬರಿಯ ವ್ಯಾಪಾರಿ. ಆದರೆ ಅವನ ಬಾಗಿಲಲ್ಲಿ ನಿಂತವನು ಯಾಚಕನಾಗಿರಲಿಲ್ಲ.

ಹಾಗಾದರೆ ಇಂಗ್ಲಿಷರ ಪಂಕ್ತಿ ಒಂದೇ ಆಗಿತ್ತೇ? ಇಲ್ಲ. ಒಳಗೆ ಬಿಡಲೇಬೇಕೆಂದು ಕಾನೂನು ಹೇಳಿತು. ಎಲ್ಲಿ ಕೂರಿಸಬೇಕೆಂದು ಹೇಳಲಿಲ್ಲ. ಈ ಸಂದು ಎಷ್ಟು ದೊಡ್ಡದೆಂಬುದು 1898ರ ಅಕ್ಟೋಬರ್ ತಿಂಗಳಲ್ಲಿ ಗೊತ್ತಾಯಿತು. ಹೆಂಗಸರು ನೆಲ ಗುಡಿಸುವ ಲಂಗಗಳನ್ನು ಬಿಟ್ಟು ಓಡಾಟಕ್ಕೆ ಅನುಕೂಲವಾದ ಉಡುಪು ತೊಡಬೇಕೆಂದು ಹೋರಾಡುತ್ತಿದ್ದ ಲೇಡಿ ಹಾರ್ಬರ್ಟನ್, ಸೈಕಲ್ ತುಳಿಯುತ್ತ ಸರ್ರೆ ಜಿಲ್ಲೆಯ ಓಕಮ್ ಎಂಬ ಹಳ್ಳಿಯ 'ಹಾಟ್‌ಬಾಯ್' ತಂಗುಮನೆಗೆ ಊಟಕ್ಕೆ ಬಂದಳು. ಸಡಿಲವಾದ ಷರಾಯಿ ತೊಟ್ಟಿದ್ದ ಅವಳನ್ನು ಊಟದ ಕೋಣೆಗೆ ಬಿಡಲು ಯಜಮಾನಿ ಒಪ್ಪಲಿಲ್ಲ; ಬಾರಿನ ಪಕ್ಕದ ಕೋಣೆಯಲ್ಲಿ ಬಡಿಸುವುದಾಗಿ ಹೇಳಿದಳು. ಆ ಕೋಣೆಯಲ್ಲಿ ಗಂಡಸರು ಕುಡಿಯುತ್ತ, ಹೊಗೆ ಬಿಡುತ್ತ ಕುಳಿತಿದ್ದರು. ಸೈಕಲ್ ಸವಾರರ ಸಂಘ ಆಕೆಯ ಪರವಾಗಿ ಮೊಕದ್ದಮೆ ನಡೆಸಿತು. 1899ರಲ್ಲಿ ತೀರ್ಪು ಬಂತು: ಯಜಮಾನಿ ತಪ್ಪಿತಸ್ಥಳಲ್ಲ. ಊಟ ಕೊಡುತ್ತೇನೆಂದು ಹೇಳಿದ ಮೇಲೆ ನಿರಾಕರಣೆ ಎಲ್ಲಿಯದು ಎಂಬುದು ವಾದದ ಸಾರ. ಇದನ್ನು ಓದಿದಾಗ ನನಗೆ ನಮ್ಮ ಜಗುಲಿಗಳು ಕಣ್ಣಮುಂದೆ ಬಂದವು. 'ಊಟ ಇಲ್ಲವೆಂದೆವೇ? ಹೊರಗೆ ಬಡಿಸಿದೆವಲ್ಲ!' ಎಂಬ ಮಾತನ್ನು ಕೇಳದ ಹಳ್ಳಿ ಕರ್ನಾಟಕದಲ್ಲಿ ಇದ್ದೀತೇ?

ಮುಂದಿನ ಘಟ್ಟ ಹಳ್ಳಿಯದಲ್ಲ, ಲಂಡನ್ನಿನದು. ಆದರೆ ಅದನ್ನು ಬಿಟ್ಟರೆ ಕಥೆ ಪೂರ್ಣವಾಗದು. ಟ್ರಿನಿಡಾಡಿನ ಕ್ರಿಕೆಟ್ ಪಟು ಲಿಯರಿ ಕಾನ್‌ಸ್ಟಂಟೈನ್ ಲಾರ್ಡ್ಸ್ ಮೈದಾನದಲ್ಲಿ ಆಡಲೆಂದು 1943ರಲ್ಲಿ ಹೆಂಡತಿ ಮಗಳೊಡನೆ ಇಂಪೀರಿಯಲ್ ಹೋಟೆಲಿಗೆ ಬಂದರು. ಬಿಳಿಯ ಅಮೆರಿಕನ್ ಅತಿಥಿಗಳು ಆಕ್ಷೇಪಿಸುತ್ತಾರೆಂಬ ನೆವದಿಂದ ಹೋಟೆಲಿನವರು ಅವರನ್ನು ಒಂದು ರಾತ್ರಿಗಿಂತ ಹೆಚ್ಚು ಇರಲು ಬಿಡಲಿಲ್ಲ. ಅದೇ ಕಂಪನಿಯ ಇನ್ನೊಂದು ಹೋಟೆಲಿನಲ್ಲಿ ಜಾಗ ಸಿಕ್ಕಿತು. ಬೇರೆ ಕೋಣೆಯ ಬದಲು ಬೇರೆ ಕಟ್ಟಡ, ತತ್ತ್ವ ಒಂದೇ. ಆದರೆ 1944ರಲ್ಲಿ ನ್ಯಾಯಮೂರ್ತಿ ಬರ್ಕೆಟ್ ಈ ಸಮಾಧಾನವನ್ನು ಒಪ್ಪದೆ, ತಂಗುಮನೆಯ ಹಳೆಯ ಕರ್ತವ್ಯದ ಉಲ್ಲಂಘನೆಯಾಗಿದೆಯೆಂದು ತೀರ್ಪಿತ್ತರು. ಪರಿಹಾರ ಐದು ಗಿನಿ ಮಾತ್ರ. ವರ್ಣಭೇದದ ವಿರುದ್ಧ ಒಂದೂ ಶಾಸನವಿಲ್ಲದ ಕಾಲದಲ್ಲಿ, ಕುದುರೆಗಾಡಿಯ ಯುಗದ ಒಂದು ನಿಯಮ ಕಪ್ಪು ಮನುಷ್ಯನೊಬ್ಬನ ಕೈಗೆ ಆಯುಧವಾಗಿ ಒದಗಿತು. ನಾನು ಇಂಗ್ಲಿಷ್ ತಂಗುಮನೆಯನ್ನು ಗೌರವಿಸುವುದಕ್ಕೆ ಇದು ಸಾಕಾದಷ್ಟು ಕಾರಣ.

ಈ ಆಯುಧ ಪಬ್ಬಿನಲ್ಲಿ ಮಾತ್ರ ನಡೆಯುತ್ತಿರಲಿಲ್ಲ. ವಸತಿಯಿಲ್ಲದ ಪಬ್ಬು ಕಾನೂನಿನ ಕಣ್ಣಿಗೆ ತಂಗುಮನೆಯಲ್ಲ. ಆದ್ದರಿಂದಲೇ ಬರ್ಮಿಂಗ್‌ಹ್ಯಾಮಿನ ಮಗ್ಗುಲಿನ ಸ್ಮೆತ್ವಿಕ್ ಊರಿನ ಕೆಲವು ಪಬ್ಬುಗಳಲ್ಲಿ ಕಬ್ಬಿಣದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳನ್ನು ಒಳ್ಳೆಯ ಕೋಣೆಗೆ ಬಿಡದೆ ಸಾಮಾನ್ಯರ ಬಾರಿಗೆ ಅಟ್ಟುವ ಪದ್ಧತಿ ಬಹಿರಂಗವಾಗಿಯೇ ನಡೆಯಿತು. ಭಾರತೀಯ ಕಾರ್ಮಿಕರ ಸಂಘದವರು 1965ರ ಫೆಬ್ರವರಿಯಲ್ಲಿ ಅಮೆರಿಕದ ಮಾಲ್ಕಮ್ ಎಕ್ಸ್ ಅವರನ್ನು ಕರೆತಂದು ಇದನ್ನು ತೋರಿಸಿದರು. ಅದೇ ವರ್ಷ ಮೊದಲನೆಯ ಜನಾಂಗ ಸಂಬಂಧಗಳ ಕಾಯಿದೆ ಬಂದು ಹೋಟೆಲು, ಊಟದ ಮನೆ, ಪಬ್ಬುಗಳಲ್ಲಿ ಇಂಥ ಭೇದ ಕಾನೂನುಬಾಹಿರವಾಯಿತು. ಇಂದು ಆ ಭಾಗದ ಹಲವು ಪಬ್ಬುಗಳ ಯಜಮಾನರು ಪಂಜಾಬಿಗಳೇ. ಬಿಳಿಯ ಮುದುಕರೂ ಸರ್ದಾರ್ಜಿಗಳೂ ಒಂದೇ ಕಟಕಟೆಯ ಮುಂದೆ ನಿಂತು ತಂದೂರಿ ತಿನ್ನುವುದನ್ನು 2012ರಲ್ಲಿ ಕಣ್ಣಾರೆ ಕಂಡಿದ್ದೇನೆ.

ಬಣ್ಣದ ಪಂಕ್ತಿ ಹೋದರೂ ವರ್ಗದ ಪಂಕ್ತಿ ಉಳಿದಿತ್ತು. ಹಳೆಯ ಪಬ್ಬಿನಲ್ಲಿ ಕೂಲಿಯವರ 'ಪಬ್ಲಿಕ್ ಬಾರ್' ಬೇರೆ, ಸ್ವಲ್ಪ ಅನುಕೂಲಸ್ಥರ 'ಸಲೂನ್ ಬಾರ್' ಬೇರೆ. ಮೊದಲನೆಯದಕ್ಕೆ ಬರಿನೆಲ, ಮರದ ಬೆಂಚು, ಎರಡನೆಯದಕ್ಕೆ ಜಮಖಾನೆ. ಅದೇ ಪೀಪಾಯಿಯ ಬಿಯರಿಗೆ ಸಲೂನಿನಲ್ಲಿ ಕೊಂಚ ಹೆಚ್ಚು ಬೆಲೆ. 1960ರ ದಶಕದಿಂದೀಚೆಗೆ ನಡುಗೋಡೆಗಳನ್ನು ಕೆಡವಿ ಒಂದೇ ದೊಡ್ಡ ಕೋಣೆ ಮಾಡುವ ಪದ್ಧತಿ ಬಂತು. ಹಳೆಯ ಚೆಲುವು ಹೋಯಿತೆಂದು ಅದನ್ನು ಹಳಿಯುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇಂಗ್ಲೆಂಡಿನ ಹಳ್ಳಿಗಳಲ್ಲಿ ಆ ಕಾಲದಲ್ಲಿ ನಡೆದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಈಗ ಆ ಗೋಡೆ ಮತ್ತೆ ಏಳುತ್ತಿದೆ, ಇಟ್ಟಿಗೆಯಿಲ್ಲದೆ. ಕಳೆದ ಎರಡು ಮೂರು ದಶಕಗಳಲ್ಲಿ ಹಳ್ಳಿಯ ಪಬ್ಬುಗಳು ಒಂದೊಂದಾಗಿ ದುಬಾರಿ ಊಟದ ಮನೆಗಳಾಗಿವೆ. ಹೆರೆಫರ್ಡ್‌ಶೈರಿನ ಟಿಟ್ಲಿ ಎಂಬ ಪುಟ್ಟ ಹಳ್ಳಿಯ 'ಸ್ಟ್ಯಾಗ್ ಇನ್' 2001ರಲ್ಲಿ ಮಿಷೆಲಿನ್ ನಕ್ಷತ್ರ ಪಡೆದ ಮೊದಲ ಪಬ್ಬು. ಮಾರ್ಲೋ ಪಟ್ಟಣದ 'ಹ್ಯಾಂಡ್ ಅಂಡ್ ಫ್ಲವರ್ಸ್' ಅಂಥ ಎರಡು ನಕ್ಷತ್ರ ಪಡೆದ ಮೊದಲ ಪಬ್ಬು. ಅಡುಗೆಯವರ ಪ್ರತಿಭೆಗೆ ನನ್ನ ವಂದನೆ. ಆದರೆ ಸುತ್ತಲಿನ ನೂರಾರು ಪಬ್ಬುಗಳು ನಕ್ಷತ್ರವಿಲ್ಲದೆಯೇ ನಕ್ಷತ್ರದ ನಡವಳಿಕೆಯನ್ನು ಕಲಿತವು.

2023ರ ಒಂದು ಶನಿವಾರ ಗ್ಲಾಸ್ಟರ್‌ಶೈರಿನ ಒಂದು ತಂಗುಮನೆಗೆ ಮಧ್ಯಾಹ್ನ ಹನ್ನೆರಡೂವರೆಗೆ ಹೋದೆ. ಒಳಕೋಣೆಯಲ್ಲಿ ಏಳೆಂಟು ಮೇಜುಗಳು ಖಾಲಿ ಇದ್ದವು. ಗಣಕದ ಮುಂದೆ ನಿಂತ ಹುಡುಗಿ ಕಾದಿರಿಸಿದ್ದೀರಾ ಎಂದು ಕೇಳಿದಳು. ಇಲ್ಲವೆಂದಾಗ ಬಹಳ ವಿನಯದಿಂದ ಬಾಗಿಲ ಪಕ್ಕದ ಎರಡು ಸಣ್ಣ ಮೇಜುಗಳನ್ನು ತೋರಿಸಿದಳು. ಅಲ್ಲಿಯ ತಿನಿಸಿನ ಪಟ್ಟಿಯೂ ಬೇರೆ, ಚಿಕ್ಕದು. ಪಕ್ಕದ ಮೇಜಿನಲ್ಲಿ ಆ ಊರಿನ ಮುದುಕನೊಬ್ಬ ನಾಯಿಯನ್ನು ಕಾಲಬುಡದಲ್ಲಿ ಮಲಗಿಸಿಕೊಂಡು ಅರ್ಧ ಪೈಂಟ್ ಬಿಯರಿನ ಮುಂದೆ ಕುಳಿತಿದ್ದ. ಬದುಕೆಲ್ಲ ಹೊಲದಲ್ಲಿ ದುಡಿದವನು. ಒಳಕೋಣೆಯೇ ಹಿಂದೆ ಪಬ್ಲಿಕ್ ಬಾರು, ತಾನು ಅಲ್ಲಿ ನಲವತ್ತು ವರ್ಷ ಡಾರ್ಟ್ಸ್ ಆಡಿದವನು, ಈಗ ಸಂಜೆ ಆರರ ಮೇಲೆ ಈ ಎರಡು ಮೇಜೂ ಕಾದಿರಿಸಿದವರ ಪಾಲಾಗುವುದರಿಂದ ಮಧ್ಯಾಹ್ನವೇ ಬಂದುಹೋಗುತ್ತೇನೆ ಎಂದ. ಅವನ ಮಾತಿನಲ್ಲಿ ಕೋಪವಿರಲಿಲ್ಲ. ನನ್ನ ಮೈಬಣ್ಣಕ್ಕೂ ನನ್ನನ್ನು ಕೂರಿಸಿದ ಜಾಗಕ್ಕೂ ಸಂಬಂಧವಿರಲಿಲ್ಲವೆಂಬುದಕ್ಕೆ ಅವನೇ ಸಾಕ್ಷಿ. ಸೂಪು ಚೆನ್ನಾಗಿತ್ತು. ನಾನು ಏಳುವವರೆಗೂ ಒಳಗಿನ ಮೇಜುಗಳಲ್ಲಿ ನಾಲ್ಕು ಖಾಲಿಯೇ ಇದ್ದವು. ಲೇಡಿ ಹಾರ್ಬರ್ಟನ್‌ಳಿಗೆ ತೋರಿಸಿದ್ದು ಇದೇ ಬಾರಿನ ಪಕ್ಕದ ಜಾಗವಲ್ಲವೇ? 'ವಿಶೇಷ ಒಪ್ಪಂದವಿಲ್ಲದೆ' ಬಂದವನ ಹಕ್ಕಿನ ಮಾತನ್ನು ನೆನಪಿಡಿ ಎಂದೆನಲ್ಲ, ಅದು ಇಲ್ಲಿ ಸವೆಯುತ್ತಿದೆ. ಕಾದಿರಿಸಿದವರಿಗೆ ಮಾತ್ರ ಎಂದು ಸಾರುವ ಮನೆ, ಫಲಕದ ಮೇಲೆ ಏನೇ ಬರೆದಿರಲಿ, ತಂಗುಮನೆಯ ವ್ಯಾಖ್ಯೆಯಿಂದ ಸದ್ದಿಲ್ಲದೆ ಜಾರಿಕೊಳ್ಳುತ್ತದೆ.

ಯಜಮಾನರನ್ನು ದೂರಿ ಕೈತೊಳೆದುಕೊಳ್ಳುವುದು ಅನ್ಯಾಯ. ಕುಡಿದು ವಾಹನ ನಡೆಸುವವರನ್ನು ಉಸಿರಿನಿಂದ ಪತ್ತೆಹಚ್ಚುವ ಪದ್ಧತಿ 1967ರಲ್ಲಿ ಬಂತು. ಅದು ಬರಲೇಬೇಕಾಗಿದ್ದ ಕಾನೂನು. ಆದರೆ ಬಸ್ಸಿಲ್ಲದ ಹಳ್ಳಿಯ ಪಬ್ಬಿಗೆ ಅದರಿಂದ ದೊಡ್ಡ ಪೆಟ್ಟು ಬಿತ್ತು. ಬಿಯರ್ ತಯಾರಿಸುವ ದೊಡ್ಡ ಕಂಪನಿಗಳ ಹಿಡಿತ ಸಡಿಲಿಸಲು 1989ರಲ್ಲಿ ಸರಕಾರ ಹೊರಡಿಸಿದ ಆಜ್ಞೆಗಳ ಫಲವಾಗಿ ಸಾವಿರಾರು ಪಬ್ಬುಗಳು ಬಿಯರನ್ನೇ ತಯಾರಿಸದ, ಬಾಡಿಗೆಯ ಮೇಲೆ ಮಾತ್ರ ಕಣ್ಣಿಟ್ಟ ಕಂಪನಿಗಳ ಕೈಸೇರಿದವು. ಹುಲಿಗೆ ಹೆದರಿ ಹುತ್ತ ಹೊಕ್ಕಂತಾಯಿತು. ಅಂಗಡಿಯ ಅಗ್ಗದ ಬಿಯರು, 2007ರ ಧೂಮಪಾನ ನಿಷೇಧ, ಊಟದ ಮೇಲೆ ಶೇಕಡಾ 20ರ ತೆರಿಗೆ, ಕೋವಿಡ್ ವರ್ಷಗಳು. 2000ದ ಸುಮಾರಿಗೆ ಬ್ರಿಟನ್ನಿನಲ್ಲಿ 60 ಸಾವಿರದಷ್ಟಿದ್ದ ಪಬ್ಬುಗಳು ಈಗ 45 ಸಾವಿರದ ಆಸುಪಾಸಿಗೆ ಇಳಿದಿವೆ. ಊಟ ಬಡಿಸದೆ ಹಳ್ಳಿಯ ಪಬ್ಬು ಬದುಕಲಾರದು. ಇದನ್ನು ನಾನು ಒಪ್ಪುತ್ತೇನೆ. ಆದರೆ ಊಟ ಬಡಿಸಲು ಊರಿನವನನ್ನು ಬಾಗಿಲ ಪಕ್ಕಕ್ಕೆ ಸರಿಸಲೇಬೇಕು ಎಂಬುದನ್ನು ಒಪ್ಪಲಾರೆ.

ಏಕೆಂದರೆ ಬೇರೆ ದಾರಿಯೂ ಇದೆ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಹಳ್ಳಿಯ ಜನ ತಮ್ಮ 'ಓಲ್ಡ್ ಕ್ರೌನ್' ಪಬ್ಬನ್ನು 2003ರಲ್ಲಿ ಸಹಕಾರಿ ಸಂಘ ಮಾಡಿಕೊಂಡು ಕೊಂಡುಕೊಂಡರು. ಬ್ರಿಟನ್ನಿನಲ್ಲಿ ಹೀಗೆ ನಡೆದದ್ದು ಅದೇ ಮೊದಲು. 2011ರ ಸ್ಥಳೀಯತಾ ಕಾಯಿದೆ ಇದಕ್ಕೆ ಬಲ ಕೊಟ್ಟಿತು: ಪಬ್ಬೊಂದನ್ನು ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿಯೆಂದು ಪಟ್ಟಿಯಲ್ಲಿ ಸೇರಿಸಿದರೆ, ಅದು ಮಾರಾಟಕ್ಕೆ ಬಂದಾಗ ಊರಿನವರು ಹಣ ಹೊಂದಿಸಿಕೊಳ್ಳಲು ಆರು ತಿಂಗಳ ಕಾಲಾವಕಾಶ ಕೇಳಬಹುದು. ಸಹಕಾರಿ ಸಂಘಗಳ ಬಗ್ಗೆ ನಮ್ಮ ಅನುಭವ ಮಿಶ್ರವಾದದ್ದು; ಕಡತಗಳಲ್ಲಿ ಸತ್ತ ಸಂಘಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಆದರೂ ಊರಿನವರೇ ಯಜಮಾನರಾದ ಮನೆಯಲ್ಲಿ ಊರಿನವನನ್ನು ಬಾಗಿಲ ಪಕ್ಕಕ್ಕೆ ಸರಿಸುವುದು ಅಷ್ಟು ಸುಲಭವಲ್ಲ. ಇಂಗ್ಲೆಂಡಿನಲ್ಲಿ ಮಕ್ಕಳನ್ನು ನೋಡಲು ಹೋಗುವ ನಮ್ಮ ಓದುಗರಿಗೆ ನನ್ನ ಸಲಹೆ: ನಕ್ಷತ್ರಗಳ ಬೆನ್ನು ಹತ್ತದೆ, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ತಿನಿಸುಗಳ ಹೆಸರು ಬರೆದ, ಕಟಕಟೆಗೆ ಹೋಗಿ ನಾವೇ ಹೇಳಿ ತರಬೇಕಾದ ಸಾಮಾನ್ಯ ಪಬ್ಬಿಗೆ ಹೋಗಿ. ಸಾಧ್ಯವಾದಷ್ಟು ಎರಡು ಗಂಟೆಯ ಒಳಗೆ ಹೋಗಿ. ಅನೇಕ ಕಡೆ ಆಮೇಲೆ ಅಡುಗೆಮನೆ ಮುಚ್ಚಿರುತ್ತದೆ.

ಪರರ ಪಂಕ್ತಿಯನ್ನು ಎಣಿಸಿದವನು ತನ್ನ ಪಂಕ್ತಿಯನ್ನೂ ನೋಡಬೇಕು. ನಮ್ಮ ಸಂವಿಧಾನದ 15(2)ನೆಯ ಅನುಚ್ಛೇದ ಹೋಟೆಲುಗಳನ್ನು ಹೆಸರಿಸಿಯೇ ಭೇದವನ್ನು ನಿಷೇಧಿಸಿತು. ಬ್ರಿಟನ್ನಿಗಿಂತ 15 ವರ್ಷ ಮೊದಲು. ಆದರೂ ಮದ್ರಾಸಿನ ತಿರುವಲ್ಲಿಕ್ಕೇಣಿಯ ಹೋಟೆಲೊಂದರ ಫಲಕದಿಂದ 'ಬ್ರಾಹ್ಮಣ' ಎಂಬ ಪದ ಅಳಿಸಲು 1957ರಲ್ಲಿ ಪೆರಿಯಾರ್ ಚಳವಳಿ ಹೂಡಬೇಕಾಯಿತು. ಪರರಾಜ್ಯಕ್ಕೆ ಬಂದ ನಮ್ಮಂಥವರ ಹೊಟ್ಟೆ ಹೊರೆದವು ಉಡುಪಿ ಹೋಟೆಲುಗಳು. ಗುರುತಿಲ್ಲದವರು ಒಂದೇ ಮೇಜಿಗೆ ಎದುರುಬದರು ಕುಳಿತು ಉಣ್ಣುವ ರೂಢಿಯನ್ನು ಮುಂಬಯಿಯಂಥ ಊರಿನಲ್ಲಿ ಬೆಳೆಸಿದ್ದರಲ್ಲಿ ಅವುಗಳ ಪಾಲು ದೊಡ್ಡದು. ಅದೇ ಹೋಟೆಲುಗಳಲ್ಲಿ ಈಗ ಮಹಡಿಯ ಮೇಲೆ ಏ.ಸಿ. ಹಾಲು. ಒಂದೇ ಕಾವಲಿಯ ದೋಸೆಗೆ ಕೆಳಗೊಂದು ದರ, ಮೇಲೊಂದು ದರ. ಸಲೂನ್ ಬಾರಿನ ಬಿಯರೂ ಹೀಗೆಯೇ ಇತ್ತು. ವ್ಯಾಪಾರಿಗಳ ಮಾತು ಬಿಡೋಣ. ನಮ್ಮಂಥ ಸಂಘಗಳ ರಾಜ್ಯೋತ್ಸವದ ಊಟದಲ್ಲಿ ಪದಾಧಿಕಾರಿಗಳಿಗೂ ದೇಣಿಗೆ ಕೊಟ್ಟವರಿಗೂ ಪರದೆಯ ಹಿಂದೆ ಮೇಜು, ಬಾಳೆಯೆಲೆ, ಎರಡು ಸಿಹಿ. ಹನ್ನೊಂದು ತಿಂಗಳು ಚಂದಾ ಕೊಟ್ಟ ಸದಸ್ಯನಿಗೂ, ಹೋಟೆಲಿನಲ್ಲಿ ಮೇಜು ಒರೆಸುವ ಕೆಲಸಕ್ಕೆ ಕುಂದಾಪುರದಿಂದ ಬಂದ ಹುಡುಗನಿಗೂ ಕೈಯಲ್ಲಿ ಕಾಗದದ ತಟ್ಟೆ ಹಿಡಿದು ಉದ್ದನೆಯ ಸಾಲು. ಈ ನವೆಂಬರಿನಿಂದ ಆ ಪರದೆಯನ್ನು ತೆಗೆಯಬೇಕು, ಎಲ್ಲರಿಗೂ ಒಂದೇ ಬಗೆಯ ಎಲೆ ಹಾಕಬೇಕು, ಎಲೆಯ ಖರ್ಚು ಹೆಚ್ಚಾದರೆ ಒಂದು ಸಿಹಿಯನ್ನು ಕಡಿಮೆ ಮಾಡಬೇಕು ಎಂದು ನಮ್ಮ ಕಾರ್ಯಕಾರಿ ಸಮಿತಿಗೆ ಲಿಖಿತ ಸೂಚನೆ ಕೊಟ್ಟಿದ್ದೇನೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಅದು ಐದನೆಯ ವಿಷಯ.